ಬೆಳ್ಳಕ್ಕಿ ಸಾಲು

ಗೋಡೆಗೆ ಅಂಟಿಸಿದ್ದ ಕಾಗದದ ಬೆಳ್ಳಕ್ಕಿ ಅವತ್ತೂ ಎರಡು ತುಂಡಾಗಿತ್ತು. ಕೊಕ್ಕು, ಕುತ್ತಿಗೆ ಸೀಳಿನ ಆ ಕಡೆ. ರೆಕ್ಕೆ, ಕಾಲು ಈ ಕಡೆ. ಅದರ ಕೆಳಗೆ ಹಸಿರು ಕಾಗದ ಕತ್ತರಿಸಿ ಸಾಲಾಗಿ ಅಂಟಿಸಿದ್ದ ನಾಟಿ ಗದ್ದೆಯೂ ಅದೇ ನೇರಕ್ಕೆ ಸೀಳಿತ್ತು.

"ಇಲಿ ಕೆಲ್ಸ ಕಣ್ರೀ ಇದು," ಎಂದ ಭೂತಯ್ಯ, ಬೆಂಚಿನ ಮೇಲೆ ಕೂರುತ್ತಲೇ. "ಮೈದಾ ಅಂಟು ಬಳಿದ್ರೆ ಇಲಿ ಸುಮ್ನೆ ಬುಡ್ತದಾ? ಚೆಲುವಮ್ಮ ಇಲಿಗಳ್ಗೆ ಅಂತ್ಲೇ ಅಡಿಗೆ ಮಾಡವ್ಳೆ."

ಎಲ್ಲರೂ ನಕ್ಕರು. ಯಸಳೂರಿನಿಂದ ಹೊಂಗಡಹಳ್ಳದ ಕಡೆ ಹೋಗುವ ರಸ್ತೆಯ ಪಕ್ಕ, ಹಿಂದೊಮ್ಮೆ ಎಸ್ಟೇಟಿನ ಕಾಫಿ ಸ್ಟೋರ್ ಆಗಿದ್ದ ಆ ಉದ್ದನೆಯ ಕೋಣೆಯಲ್ಲಿ ವಾರಕ್ಕೆ ಐದು ದಿನ ಹದಿಮೂರು ಮಂದಿ ಮುದುಕ ಮುದುಕಿಯರು ಸೇರುತ್ತಿದ್ದರು. ಸೇರಿಸಿದವಳು ಚೈತ್ರಶ್ರೀ, ಒಂದು ಸಂಸ್ಥೆಯ ಕೆಲಸಕ್ಕೆಂದು ಬಂದ ಇಪ್ಪತ್ತಾರರ ಹುಡುಗಿ. ಕೈಬೆರಳು ಆಡುತ್ತಿದ್ದರೆ ತಲೆಯೂ ಚುರುಕಾಗಿರುತ್ತದೆ ಎಂದು ಅವಳಿಗೆ ಯಾರೋ ಕಲಿಸಿದ್ದರು. ಅದಕ್ಕೇ ಒಂದೊಂದು ಕಾಲಕ್ಕೆ ಒಂದೊಂದು ಗೋಡೆ. ಕಾಫಿ ಹೂ ಬಿಡುವಾಗ ಬಿಳಿ ಕಾಗದದ ಗೊಂಚಲು, ಹಣ್ಣು ಕೊಯ್ಯುವಾಗ ಕೆಂಪು ಉಂಡೆ, ಈಗ ಶ್ರಾವಣಕ್ಕೆ ನಾಟಿ ಗದ್ದೆ, ಮಳೆಗೆ ತಲೆಯಿಂದ ಬೆನ್ನಿಗೆ ಗೊರಬು ಹೊದ್ದ ಹೆಂಗಸರು, ಮೇಲೆ ಬೆಳ್ಳಕ್ಕಿ ಸಾಲು. "ನಾವೇನು ಅಂಗನವಾಡಿ ಮಕ್ಳಾ?" ಎಂದು ಮೊದಲ ದಿನ ಮೂಗು ಮುರಿದವರೇ ಈಗ ಒಂದು ಕತ್ತರಿಗಾಗಿ ಮಾತು ಬಿಡುವಷ್ಟು ಜಗಳವಾಡುತ್ತಿದ್ದರು.

ಏಕಾಂತಯ್ಯ ಮಾತ್ರ ನಗಲಿಲ್ಲ. ಎದ್ದು ಹೋಗಿ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತ. ಇಲಿ ಕಡಿದರೆ ಅಂಚು ಚೂರುಚೂರಾಗಿರುತ್ತದೆ, ಮಕ್ಕಳು ಎಳೆದರೆ ಅಡ್ಡಾದಿಡ್ಡಿ ಹರಿಯುತ್ತದೆ. ಇದು ಎರಡು ಕಡೆಯಿಂದ ಯಾರೋ ಸಮನಾಗಿ ಹಿಡಿದು ಜಗ್ಗಿದಂತೆ ಬಿಟ್ಟುಕೊಂಡಿತ್ತು.

ಮೂವತ್ತನಾಲ್ಕು ವರ್ಷ ದೋಣಿಗಲ್ಲಿನ ಕೆಳಗಿನ ಘಾಟಿಯಲ್ಲಿ ರೈಲು ಹಳಿ ಕಾದವನು ಅವನು. ಗುಡ್ಡಕ್ಕೆ ಆನಿಸಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ಬಿರುಕು ಬಿಟ್ಟರೆ ಮೇಸ್ತ್ರಿ ಅದರ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯುತ್ತಿದ್ದ. ದಿನಾ ಬೆಳಿಗ್ಗೆ ಹೋಗಿ ಅದನ್ನು ನೋಡಿ ಬರುವುದು ಗ್ಯಾಂಗ್‌ಮನ್ ಕೆಲಸ. ಕಾಗದ ಸರಿಯಾಗಿದ್ದರೆ ಬಿರುಕು ಹಳೆಯದು, ಹೆದರಬೇಕಿಲ್ಲ. ಹರಿದಿದ್ದರೆ ಗೋಡೆ ನಡೆಯುತ್ತಿದೆ ಎಂದು ಅರ್ಥ. ಆಮೇಲೆ ಮಾತಿಲ್ಲ, ಕೆಂಪು ಬಾವುಟ.

"ಚೆಲುವಮ್ಮ, ಇದು ಮೊದ್ಲೂ ಹಿಂಗೇ ಹರಿದಿತ್ತಾ?" ಎಂದು ಮೆಲ್ಲಗೆ ಕೇಳಿದ.

ಗೋಡೆಯ ಕೆಲಸದಲ್ಲಿ ಚೆಲುವಮ್ಮನದೇ ಮೇಲುಗೈ. ನಲವತ್ತು ವರ್ಷ ಕಾಫಿ ಹಣ್ಣು ಕೊಯ್ದ ಬೆರಳು, ಕಾಗದ ಅದು ಹೇಳಿದಂತೆ ಕೇಳುತ್ತಿತ್ತು. ಈಗ ಕದ್ದು ಸಿಕ್ಕಿಬಿದ್ದ ಮಗುವಿನಂತೆ ಅವನನ್ನು ನೋಡಿದಳು.

"ಯಾರ್ಗೂ ಹೇಳ್ಬ್ಯಾಡ ಏಕಾಂತಣ್ಣ. ದಿನಾ ಹರೀತೈತೆ. ನಾನು ಎಲ್ರಿಗಿಂತ ಮುಂಚೆ ಬಂದು ಅಂಟಿಸ್ಬುಡ್ತೀನಿ. ಇವತ್ತು ಬಸ್ಸು ತಡ ಆಯ್ತು, ಇಲ್ಲಾಂದ್ರೆ ಇದೂ ಗೊತ್ತಾಯ್ತಿರ್ಲಿಲ್ಲ. ಥಂಡಿಗೆ ಹಿಂಗಾಯ್ತದೆ ಅಂದ್ಕಂಡೆ. ಸೋಮ್ವಾರ ಆಫೀಸರು ಬೇರೆ ನೋಡಕ್ಕೆ ಬತ್ತಾರಲ್ಲ."

"ಯಾವತ್ತಿಂದ?"

"ಭೀಮನಮಾಸೆ ಮಾರನೇ ದಿನದಿಂದ."

ಅವನು ಉಗುರು ಹಾಕಿ ಹಸಿರು ಕಾಗದ ಎಬ್ಬಿಸಿದ. ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಎಲ್ಲಕ್ಕಿಂತ ಕೆಳಗಿನ ಪಟ್ಟಿ ಬೆರಳಗಲ, ಎಲ್ಲಕ್ಕಿಂತ ಮೇಲಿನದು ಅಂಗೈಯಗಲ. ಹರಿದ ಸೀರೆಗೆ ತೇಪೆ ಹಾಕುವಷ್ಟು ಅಚ್ಚುಕಟ್ಟಾಗಿ ಅವಳು ಗೋಡೆಗೆ ತೇಪೆ ಹಾಕುತ್ತ ಬಂದಿದ್ದಳು. ಏಕಾಂತಯ್ಯ ಬಿರುಕಿನೊಳಗೆ ಕಿರುಬೆರಳಿಟ್ಟ. ಎರಡನೇ ಗೆಣ್ಣಿನವರೆಗೆ ಸಲೀಸಾಗಿ ಹೋಯಿತು. ಹೊರಗೆಳೆದಾಗ ತುದಿಗೆ ಕೆಂಪು ರಾಡಿ ಮೆತ್ತಿತ್ತು. ಗೋಡೆಯ ಹಿಂದೆ ಗುಡ್ಡ; ಮೇಲಿನ ಹೋಂಸ್ಟೇಗೆ ದಾರಿ ಮಾಡಲೆಂದು ಹೋದ ಬೇಸಿಗೆಯಲ್ಲಿ ಜೆಸಿಬಿ ಅದರ ಬುಡವನ್ನು ನೆಟ್ಟಗೆ ಕೆರೆದು ಹಾಕಿತ್ತು.

"ಎಲ್ರೂ ಆಚೆ ನಡೀರಿ," ಎಂದ. ಯಾರೂ ಅಲುಗದಿದ್ದಾಗ ಕೂಗಿದ. "ಆಚೆ ನಡೀರಿ ಅಂದೆ! ಗೋಡೆ ನಡೀತೈತೆ!"

ಹದಿಮೂರು ಮಂದಿ ರಸ್ತೆ ದಾಟಿ, ಆರು ಜನ ಕೂರುವ ಬಸ್ ಸ್ಟ್ಯಾಂಡಿನಲ್ಲಿ ಒತ್ತಿಕೊಂಡು ಕೂತರು. ಚೈತ್ರಶ್ರೀ ಬಿರುಕಿನ ಫೋಟೊ ತೆಗೆದು ತನಗೆ ಗೊತ್ತಿದ್ದ ಎಂಜಿನಿಯರೊಬ್ಬರಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಗಾರೆ ಬಿಟ್ಟಿರೋದು ಅಷ್ಟೇ ಅಂತೆ ತಾತ. ಮಳೆ ನಿಂತ ಮೇಲೆ ಬಂದು ನೋಡ್ತಾರಂತೆ." ಆಮೇಲೆ ಅವನನ್ನು ಒಂದು ಪಕ್ಕಕ್ಕೆ ಕರೆದಳು. "ಈ ಕೋಣೆ ಬಿಟ್ರೆ ಇನ್ನೊಂದು ಕೊಡೋರು ಯಾರೂ ಇಲ್ಲ. ನಾನೇ ಊರೂರು ಅಲೆದು ಕೇಳಿದ್ದೀನಿ. ಸೋಮವಾರ ಸಂಸ್ಥೆಯಿಂದ ಬರೋ ಆಫೀಸರು ಬಾಗಿಲು ಹಾಕಿರೋದು ನೋಡಿದ್ರೆ ಕೂಟಾನೇ ಮುಚ್ತಾರೆ. ನೀವು ಖಂಡಿತವಾಗ್ಲೂ ಹೇಳ್ತೀರಾ, ಬೀಳುತ್ತೆ ಅಂತ?"

ಖಂಡಿತ ಎಂಬ ಮಾತೇ ಅವನಿಗೆ ಆಗಿಬರುವುದಿಲ್ಲ. ಯಾಕೆಂದು ಬಸ್ ಸ್ಟ್ಯಾಂಡಿನಲ್ಲಿ ಭೂತಯ್ಯ ಆಗಲೇ ಎಲ್ಲರಿಗೂ ಹೇಳುತ್ತಿದ್ದ. ಇಬ್ಬರೂ ಒಂದೇ ಗ್ಯಾಂಗಿನಲ್ಲಿದ್ದವರು.

"ಕಾಗ್ದ ಹರಿದೋಗೈತೆ ಅಂತ ಬಾವುಟ ಹಿಡ್ದು ಗೂಡ್ಸ್ ಗಾಡಿ ಮೂರು ಗಂಟೆ ನಿಲ್ಸ್‌ಬುಟ್ಟಿದ್ನಲ್ಲ ಮಾರಾಯ ಇವ್ನು! ದೊಡ್ ದೊಡ್ ಸಾಹೇಬ್ರೆಲ್ಲ ಟ್ರಾಲಿ ಮೇಲೆ ಬಂದು ನೋಡಿದ್ರೆ, ಕಾಗ್ದ ಕಿತ್ತಿದ್ದು ಮಂಗ! ಅಲ್ಲೇ ಮರದ್ ಮೇಲೆ ಕೂತು ಚೂರು ಅಗೀತಾ ಇತ್ತು!"

ನಿಜವೇ. ವಿಚಾರಣೆಯೂ ನಡೆದಿತ್ತು. ಅಲ್ಲಿಂದ ನಿವೃತ್ತಿಯವರೆಗೂ ಗ್ಯಾಂಗಿನಲ್ಲಿ ಅವನ ಹೆಸರು 'ಮಂಗನ ಬಾವುಟ'. ಆಮೇಲೆ ಪಕ್ಕದವನ ಬಾಯಲ್ಲಿ ಹೌದು ಅನ್ನಿಸದೆ ಏಕಾಂತಯ್ಯ ಒಂದು ಸಲವೂ ಬಾವುಟ ಎತ್ತಿದವನಲ್ಲ. ಈಗಲೂ ಅವನ ಕಣ್ಣು ಭೂತಯ್ಯನ ಕಡೆಗೇ ಹೋಯಿತು.

ಅವತ್ತು ಗೋಡೆ ಬೀಳಲಿಲ್ಲ. ಮಾರನೇ ದಿನವೂ ಬೀಳಲಿಲ್ಲ. ಎರಡೂ ದಿನ ಅವರೆಲ್ಲ ಮಳೆಯ ಎರಚಲಿಗೆ ಮೈಯೊಡ್ಡಿಕೊಂಡು ಎದುರಿನ ಕೋಣೆಯನ್ನು ನೋಡುತ್ತ ಕೂತರು. ಕೋಣೆ ಏನೂ ಆಗದವರಂತೆ ನಿಂತೇ ಇತ್ತು. ಮೂರನೇ ದಿನ ಶುಕ್ರವಾರ ಭೂತಯ್ಯ ಕೋಲೂರಿ ಎದ್ದ. "ಬಿದ್ರೆ ಬೀಳ್ಲಿ ಕಣೋ. ಈ ಕಲ್ಲುಬೆಂಚಿನ್ ಮೇಲೆ ಕೂತು ಸೊಂಟ ಮುರಿಯೋದ್ಕಿಂತ ಅದೇ ವಾಸಿ," ಎಂದು ರಸ್ತೆ ದಾಟಿದ. ಅವನ ಹಿಂದೆ ಇನ್ನೊಬ್ಬರು. ಹನ್ನೊಂದು ಗಂಟೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಏಕಾಂತಯ್ಯನೊಬ್ಬನೇ ಉಳಿದಿದ್ದ.

ಮನೆಗೆ ಹೋಗಬಹುದಿತ್ತು. ತಮ್ಮನ ಮಗ ಯೋಗಾನಂದನ ಮನೆ, ಒಳ್ಳೆಯ ಜನ, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಇಲ್ಲಿ ಭೂತಯ್ಯ ಗೇಲಿಯನ್ನಾದರೂ ಮಾಡುತ್ತಾನೆ. ತೆರೆದ ಬಾಗಿಲಿನಿಂದ ನಗೆ ಕೇಳಿಸಿತು. ಗುಡ್ಡದ ಕಡೆ ಎಲ್ಲೋ ಒಂದು ಕಲ್ಲು ಉರುಳಿದ ಸದ್ದಾಯಿತು. ಏಕಾಂತಯ್ಯ ಥಟ್ಟನೆ ಎದ್ದು ನಿಂತ, ಮತ್ತೇನೂ ಆಗದಿದ್ದಾಗ ಕೂತ. ಹಾಗೆ ಕೂರುವಾಗ ತನಗೆ ನಿರಾಸೆಯಾಗಿದೆ ಎಂದು ಅವನಿಗೆ ಗೊತ್ತಾಯಿತು. ಬೀಳಲಿ, ಒಂದು ಸಲ ಬಿದ್ದುಬಿಡಲಿ ಎಂದು ಅವನು ಮೂರು ದಿನದಿಂದ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಒಳಗೆ ಚೈತ್ರಶ್ರೀಯೂ ಸೇರಿ ಹದಿಮೂರು ಜನ ಕೂತಿದ್ದಾರೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು, ಭಯವೂ ಆಯಿತು.

ಚೆಲುವಮ್ಮ ಕೊಡೆ ಹಿಡಿದು ಟೀ ಲೋಟ ತಂದಳು. ಅವನು ಕುಡಿಯುವವರೆಗೂ ನಿಂತಿದ್ದಳು.

"ಒಬ್ನೇ ಕೂತು ಏನ್ ಕಾಯ್ತಾ ಇದ್ದೀಯ ಏಕಾಂತಣ್ಣ? ಬೀಳೋದ್ನೇನು?"

ಅವನು ಖಾಲಿ ಲೋಟ ಅವಳ ಕೈಗಿಟ್ಟು ಮುಖ ತಿರುಗಿಸಿದ.

"ಬಾರಣ್ಣ," ಎಂದಳು ಅವಳು. "ನಿನ್ನಷ್ಟು ನೇರಕ್ಕೆ ಕತ್ತರಿ ಆಡ್ಸೋಕೆ ಯಾರ್ಗೂ ಬರಲ್ಲ. ಬೆಳ್ಳಕ್ಕಿನೆಲ್ಲ ಕೋಳಿ ಮಾಡಿ ಇಟ್ಟವ್ರೆ."

ಅವನು ಒಳಗೆ ಕಾಲಿಟ್ಟಾಗ ಯಾರೂ ತಮಾಷೆ ಮಾಡಲಿಲ್ಲ. ಭೂತಯ್ಯ ಕೂಡ ಕೋಲು ಸರಿಸಿ ಜಾಗ ಬಿಟ್ಟ. ಚೈತ್ರಶ್ರೀ ಒಳ್ಳೆಯ ಕತ್ತರಿಯನ್ನೇ ಹುಡುಕಿ ಕೊಟ್ಟಳು. ಏಕಾಂತಯ್ಯನಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಒಂದು, ಎರಡು, ಮೂರು ಬೆಳ್ಳಕ್ಕಿ ಕತ್ತರಿಸಿದ. ಚೆಲುವಮ್ಮ ಸ್ಟೂಲ್ ಹತ್ತಿ ಬಿರುಕಿನ ಮೇಲೆ ಹೊಸ ಹಸಿರು ಪಟ್ಟಿ ಅಂಟಿಸಿ, ಅಂಗೈಯಿಂದ ಮೇಲಿಂದ ಕೆಳಗೆ ಸವರಿ, ಅದರ ಮೇಲೆ ಕೂರಿಸಲು ಹಕ್ಕಿಯೊಂದನ್ನು ಎತ್ತಿಕೊಂಡಳು.

ಏಕಾಂತಯ್ಯ ತಲೆಯೆತ್ತಿದ. ಅಂಟು ಇನ್ನೂ ಹಸಿಯಾಗಿತ್ತು. ಆ ಒದ್ದೆ ಕಾಗದದ ನಡುವೆ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಯಾರ ಕೈಯೂ ಅದರ ಮೇಲಿರಲಿಲ್ಲ. ಅವನು ನೋಡುತ್ತಿದ್ದಂತೆಯೇ ಗೆರೆ ಕೆಳಗಿಳಿಯಿತು, ಅಗಲವಾಯಿತು, ಕಾಗದ ಸದ್ದಿಲ್ಲದೆ ಎರಡಾಯಿತು. ಒಂದು ಚಿಟಿಕೆ ಕೆಂಪು ಮಣ್ಣು ಚೆಲುವಮ್ಮನ ಮುಂಗೈ ಮೇಲೆ ಉದುರಿತು. ಅವಳು ಅದನ್ನು ಸೆರಗಿನಿಂದ ಒರೆಸಿಕೊಂಡಳು.

ಏಕಾಂತಯ್ಯ ಬಾಯಿ ತೆರೆದ. ಭೂತಯ್ಯನ ಕಡೆ ನೋಡಿದ. ಭೂತಯ್ಯ ನಾಲಿಗೆ ಕಚ್ಚಿಕೊಂಡು ಕಾಗದದ ಗೊರಬು ಕತ್ತರಿಸುವುದರಲ್ಲಿ ಮುಳುಗಿದ್ದ. ಯಾರೋ ಸೋಬಾನೆ ಪದ ಶುರು ಮಾಡಿದರು, ಇನ್ನಿಬ್ಬರು ದನಿಗೂಡಿಸಿದರು.

"ಅಂಟು ತೆಳ್ಳಗಾಯ್ತು ಅಂತ ಕಾಣ್ತದೆ," ಎನ್ನುತ್ತ ಚೆಲುವಮ್ಮ ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದಳು. "ಇನ್ನೊಂದು ಪಟ್ಟಿ ಕೊಡಣ್ಣ."

ಚಾಚಿದ ಕೈ ಹಾಗೇ ಕಾಯುತ್ತಿತ್ತು. ಏಕಾಂತಯ್ಯ ಹಸಿರು ಕಾಗದ ಮಡಚಿ ಕತ್ತರಿ ಹಾಕಿದ. ಈ ಸಲ ಸ್ವಲ್ಪ ಅಗಲವಾಗಿಯೇ ಕತ್ತರಿಸಿದ.