ಠಾಣೆಯಲ್ಲಿ ಖಂಡೇನವಮಿ

ಹಣಮಪ್ಪನ ಬಂದೂಕು ವಾಳಪೈ ಪೊಲೀಸ್ ಠಾಣೆ ಸೇರಿ ಎರಡು ವಾರವಾಗಿತ್ತು. ಗದ್ದೆಯಲ್ಲಿ ಭತ್ತದ ತೆನೆ ಬಾಗುವ ಹೊತ್ತಿಗೇ ಪಂಚಾಯಿತಿ ಚುನಾವಣೆ ಬಂದಿತ್ತು. ಅದು ಮುಗಿಯುವವರೆಗೆ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಯಲ್ಲೇ ಇರಬೇಕೆಂದು ಸರಕಾರದ ಅಪ್ಪಣೆ. ಬಾಗಲಕೋಟೆ ಕಡೆಯಿಂದ ಈ ಕೊಂಕಣಿ ಸೀಮೆಗೆ ಬಂದು, ಸಾಂಕೋಲೆಯ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಇಲ್ಲಿ ತುಂಡು ಗದ್ದೆ ಕೊಂಡ ಮನುಷ್ಯ ಅವನು. ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಹೆದರಿಸಲು ಆ ಒಂಟಿ ನಳಿಗೆಯ ಬಂದೂಕಿಗೆ ಲೈಸೆನ್ಸು ಸಿಕ್ಕ ದಿನ ಓಣಿಗೆಲ್ಲ ಪೇಢೆ ಹಂಚಿದ್ದ.

“ಲೈಸೆನ್ಸ್ ನಂದು, ಗದ್ದಿ ನಂದು. ಕುಡದು ಗುಂಡು ಹಾರಸೋರು ಇದ್ರ ಅವರನ್ನ ಹಿಡೀಲಿ. ನಾ ಏನ್ ಮಾಡೇನಿ? ಇಲೆಕ್ಷನ್ ಐತಿ ಅಂತ ಹಂದಿಗಿ ಗೊತ್ತೈತೇನು?” ಎಂದು ದಿನಾ ಚಹದ ಜೊತೆ ಹೇಳುತ್ತಿದ್ದ.

“ಯಾರು ಕುಡೀತಾರ, ಯಾರು ಕುಡ್ಯಂಗಿಲ್ಲ ಅಂತ ಪೊಲೀಸರು ಮನಿ ಮನಿಗೆ ಬಂದು ಬಾಯಿ ಮೂಸಿ ನೋಡಬೇಕೇನು? ಎಲ್ಲಾರದೂ ಇಸ್ಕೊಂಡಾರ, ಚಲೋ ಮಾಡ್ಯಾರ,” ಎನ್ನುತ್ತಿದ್ದಳು ಹೆಂಡತಿ ಹುಲಿಗೆವ್ವ. “ತಲಿಕಡೆ ಅದು ಇಲ್ಲಂತ ನಂಗ ಭಾಳ ಚಲೋ ನಿದ್ದಿ ಹತ್ತಾಕತ್ತೈತಿ.”

ಹೀಗೆಂದವಳೇ ಖಂಡೇನವಮಿಯ ಮುಂಜಾನೆ ಕುಡುಗೋಲು, ಗುದ್ದಲಿ, ಈಳಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ಬಂದೂಕಿನ ಜಾಗ ಖಾಲಿ ಕಂಡು ಹೋಳಿಗೆ, ಅರಿಶಿನ, ಕುಂಕುಮ ಬುಟ್ಟಿಗೆ ತುಂಬಿಕೊಂಡಳು.

“ವರ್ಷಾ ಪೂಜಿ ಮಾಡಿದ್ದನ್ನ ಇವತ್ತು ಅಲ್ಲಿ ಉಪವಾಸ ಕೆಡವತೀರೇನು? ಏಳ್ರಿ, ಹೋಗೂಣು.”

ಹಣಮಪ್ಪ ಕೂಡಲೇ ಎದ್ದ. ಪೂಜೆಯ ನೆವದಲ್ಲಿ ಒಮ್ಮೆ ಕೈಗೆ ಬಂದರೆ ಸಾಕು, ಸಾಹೇಬರ ಕೈಕಾಲು ಹಿಡಿದು ಮನೆಗೆ ತರಬಹುದು ಎಂಬ ಲೆಕ್ಕ ಅವನದು. ಹಂದಿಗಳು ಆಗಲೇ ಗದ್ದೆಯ ಒಂದು ಮೂಲೆ ಉತ್ತು ಹೋಗಿದ್ದವು.

ಠಾಣೆಯಲ್ಲೂ ಹಬ್ಬ. ಜೀಪಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಬಾಗಿಲಲ್ಲಿ ಸಿಕ್ಕವನು ಕಾನ್‌ಸ್ಟೇಬಲ್ ಕುಬೇರ, ಬೀಚಿನಲ್ಲಿ ಮಣಿಸರ ಮಾರುವ ಸೋನಿಬಾಯಿಯ ಮಗ. ಬುಟ್ಟಿ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

“ಕಾಕೂ, ಜೈಲಿನ್ಯಾಗ ಇದ್ದವ್ರಿಗೆ ಬುತ್ತಿ ತರೋರನ್ನ ನೋಡೇನಿ. ಬಂದೂಕಿಗೆ ಹೋಳಿಗಿ ತಂದೋರು ನೀವೇ ಮೊದಲು.”

ಇನ್‌ಸ್ಪೆಕ್ಟರ್ ಮೇಡಂ ಒಪ್ಪಿದರು. ಆದರೆ ಬಂದೂಕು ಕೋಣೆ ದಾಟಬಾರದು, ನಳಿಗೆಯೊಳಗೆ ಅರಿಶಿನ ಹೋಗಬಾರದು. ಒಳಗೆ ತಾಲೂಕಿನ ಬಂದೂಕುಗಳೆಲ್ಲ ಒಂದೇ ಸರಪಳಿಯಲ್ಲಿ ಸಾಲಾಗಿ ನಿಂತಿದ್ದವು. ಹುಲಿಗೆವ್ವ ತಮ್ಮದಕ್ಕೆ ಕುಂಕುಮ ಇಟ್ಟು, ಪಕ್ಕದ್ದಕ್ಕೂ ಇಟ್ಟಳು, ಅದರಾಚೆಯದಕ್ಕೂ.

“ಅವು ನಮ್ಮವಲ್ಲ,” ಎಂದ ಹಣಮಪ್ಪ.

“ಒಂದಕ್ಕ ಹಚ್ಚಿ ಉಳಿದಾವ ಮಾರಿ ಹೆಂಗ ನೋಡ್ಲಿ?”

ಅಷ್ಟರಲ್ಲಿ ಪಕ್ಕದ ಗದ್ದೆಯ ಸೋಮನಾಥ ಗಾಂವಕರ್ ತನ್ನ ಬಂದೂಕು ಬಿಡಿಸಿಕೊಳ್ಳಲು ಬಂದ. ಹಣಮಪ್ಪನೂ ಅವನ ಜೊತೆ ನಿಂತು ತನ್ನ ಅಹವಾಲು ಹೇಳಿಕೊಂಡ. ಮೇಡಂ ಹೋಳಿಗೆ ಮುರಿಯುತ್ತ ಕೊಂಕಣಿಯಲ್ಲಿ ಏನೋ ಕೇಳಿದರು.

“ಹೋದ ವರ್ಷ ಎಷ್ಟು ಸಲ ಹಾರಿಸೀರಿ ಅಂತ ಕೇಳಾಕತ್ತಾರ, ಕಾಕಾ,” ಎಂದ ಕುಬೇರ.

ಹಣಮಪ್ಪ ಮೇಲಿನ ಫ್ಯಾನು ನೋಡತೊಡಗಿದ.

“ಒಂದ ಸಲರೀ,” ಎಂದಳು ಹುಲಿಗೆವ್ವ. “ಹಂದಿ ಓಡಿ ಹೋತು, ಖರೇ. ಗುಂಡು ಮಾತ್ರ ನಮ್ಮ ನೀರಿನ ಟಾಕಿಗೆ ಬಿತ್ತು.”

ಸೋಮನಾಥ ಗೋಡೆ ಹಿಡಿದು ನಕ್ಕ. ಸೋಮನಾಥನ ಬಂದೂಕು ಇಸಿದುಕೊಂಡ ದಿನ ಅದರ ನಳಿಗೆಯಿಂದ ಕಣಜದ ಹುಳುವಿನ ಗೂಡು ತೆಗೆದದ್ದನ್ನು ಕುಬೇರ ಹೇಳಿದ ಮೇಲೆ ಮೇಡಂ ಕೂಡ ನಕ್ಕರು.

“ನಗ್ರಿ, ನಗ್ರಿ,” ಎಂದ ಹಣಮಪ್ಪ. “ಹಾರಸ್ಲಿ, ಬಿಡ್ಲಿ, ಅದು ತೊಡಿ ಮ್ಯಾಲಿದ್ರ ಕತ್ತಲಾಗ ಒಬ್ಬಾವನ ಕೂಡಾಕ ಧೈರ್ಯ. ಈಗ ಎಲಿ ಸರಬರ ಅಂದ್ರೂ ನನ್ನ ಎದಿ ಹಾರತೈತಿ.”

ನಗು ನಿಂತಿತು. ಸೋಮನಾಥ ಅವನ ಹೆಗಲ ಮೇಲೆ ಕೈಯಿಟ್ಟು, ತನಗೂ ಹಾಗೇ ಆಗುತ್ತದೆ ಎಂದು ಕೊಂಕಣಿಯಲ್ಲಿ ಹೇಳಿದ. ಇಷ್ಟು ವರ್ಷ ಒಂದೇ ಬದುವಿನ ಆಚೆ ಈಚೆ, ಇಬ್ಬರೂ ಬೇರೆ ಬೇರೆ ಕುಳಿತು ಅಂಜುತ್ತಿದ್ದರು.

“ಹಂಗಾರ ಕೂಡೇ ಕೂಡ್ರಿ,” ಎಂದಳು ಹುಲಿಗೆವ್ವ. “ಡಬ್ಬಿ ಬಡೀರಿ. ಊಟಾ ನಾ ಕಳಸ್ತೇನಿ.”

ಬಂದೂಕು ಸಿಗಲಿಲ್ಲ. ನಿಯಮ ನಿಯಮವೇ ಎನ್ನುತ್ತ ಮೇಡಂ ಎರಡನೆಯ ಹೋಳಿಗೆ ತೆಗೆದುಕೊಂಡರು. ಅಂದಿನಿಂದ ಬದುವಿನ ಮೇಲೆ ಒಂದೇ ಗುಡಿಸಲು ಎದ್ದಿತು. ಬರಬರುತ್ತ ಸುತ್ತಲಿನವರೂ ಬಂದು ಸೇರಿ ಇಸ್ಪೀಟು, ಹಾಡು, ಡಬ್ಬಿಯ ಸದ್ದು. ಹಂದಿಗಳು ಗುಡ್ಡದ ಆಚೆಗೆ ಹೋದವೆಂದು ಸುದ್ದಿ.

ಮತ ಎಣಿಕೆ ಮುಗಿದ ಮರುದಿನ ಕುಬೇರ ಫೋನು ಮಾಡಿದ. “ಕಾಕಾ, ನಿಮ್ಮ ಬಂದೂಕ ಒಯ್ರಿ.”

“ಬರ್ತೇನಪಾ. ನನ್ನ ಹೆಸರಿಂದೇ ಅದು, ಮತ್ತೊಬ್ಬರ ಕೈಯಾಗ ಕೊಟ್ಟೀಯಾ ಮತ್ತ,” ಎಂದ ಹಣಮಪ್ಪ. ಹಿಂದೆ ಯಾರೋ ಅವನ ಇಸ್ಪೀಟು ಎಲೆಗಳನ್ನು ಕದ್ದು ನೋಡುತ್ತಿದ್ದರು, ಎದೆಗೆ ಒತ್ತಿಕೊಂಡ. “ಆದ್ರ ಇವತ್ತ ಒಲ್ಲೆ. ಸೋಮನಾಥ ಮೀನದ ಸಾರು ತರಾಂವ ಅದಾನ. ನೀನೂ ಡ್ಯೂಟಿ ಮುಗಿಸ್ಕೊಂಡು ಬಾ.”