ಇಪ್ಪತ್ತಾರನೆಯ ಅಧ್ಯಾಯ

ಆಸ್ಪತ್ರೆಯ ಲಾಂಡ್ರಿಯಿಂದ ಮನೆಗೆ ಬಂದಾಗ ಅವಳ ಬೆರಳುಗಳು ಇನ್ನೂ ಚಾದರ ಮಡಿಸುವ ಭಂಗಿಯಲ್ಲೇ ಸೆಟೆದಿದ್ದವು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಅತ್ತೆಯ ದನಿ ಕೇಳಿತು.

"ಬಂದ್ಯಾ? ಕೈಕಾಲು ತೊಳ್ಕೊಂಡು ಬಾ. ನಾನು ರೆಡಿ."

ಅತ್ತೆ ರೆಡಿಯಾಗಿ ಕೂತು ಗಂಟೆಯ ಮೇಲಾಗಿರುತ್ತದೆ. ನಲವತ್ತು ವರ್ಷ ದಿನಾ ಬೆಳಿಗ್ಗೆ ಕುರ್‌ಆನ್ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಓದಿದ ಹೆಂಗಸು. ಕೊನೆಯವರೆಗೆ ಓದಿ ಮುಗಿಸುವುದು, ಮರುದಿನ ಮತ್ತೆ ಮೊದಲಿನಿಂದ ಹಿಡಿಯುವುದು. ಈ ಸಲ ಇಪ್ಪತ್ತಾರನೆಯ ಅಧ್ಯಾಯದ ಬಾಗಿಲಿಗೆ ಬರುವಷ್ಟರಲ್ಲಿ ಕಣ್ಣು ಪೂರ್ತಿ ಕೈಕೊಟ್ಟಿತು. ಇನ್ನು ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದಾಗ ಅತ್ತೆ ಅಳಲಿಲ್ಲ. "ಮನೇಲೇ ಹಾಫಿಜಾ ಇದಾಳೆ, ನನಗ್ಯಾಕೆ ಚಿಂತೆ? ಉಳಿದಿದ್ದನ್ನ ಅವಳು ಓದಿ ಮುಗಿಸ್ತಾಳೆ" ಎಂದು ಡಾಕ್ಟರಿಗೇ ಸಮಾಧಾನ ಹೇಳಿ ಬಂದಿದ್ದರು.

ಹಾಫಿಜಾ ಎಂದರೆ ಇಡೀ ಕುರ್‌ಆನ್ ಬಾಯಿಪಾಠ ಇರುವವಳು. ಹನ್ನೆರಡನೆಯ ವಯಸ್ಸಿಗೆ ಅವಳಿಗೆ ಅದು ಉಸಿರಾಡಿದಷ್ಟು ಸಲೀಸಾಗಿತ್ತು. ಆ ಗುಣ ನೋಡಿಯೇ ಅತ್ತೆ ಅವಳನ್ನು ಸೊಸೆಯಾಗಿ ತಂದುಕೊಂಡದ್ದು. ಬೀದಿಯವರು ಅವಳನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಆದರೆ ಬಾಯಿಪಾಠ ಇದ್ದವರು ದಿನಾ ಯಾರಿಗಾದರೂ ಒಪ್ಪಿಸುತ್ತಿರಬೇಕು. ಇಬ್ಬರು ಹೆಣ್ಣುಮಕ್ಕಳ ಬಾಣಂತನ, ಗಂಡನ ದೀರ್ಘ ಕಾಯಿಲೆ, ಅವನು ಹೋದ ಮೇಲೆ ಹುಡುಗಿಯರನ್ನು ಒಂದು ದಡ ಸೇರಿಸಲು ಹಿಡಿದ ಈ ಕೆಲಸ. ಒಪ್ಪಿಸಲು ಹೊತ್ತು ಸಿಕ್ಕ ದಿನ ಕೇಳುವ ಕಿವಿ ಸಿಗಲಿಲ್ಲ, ಕಿವಿ ಸಿಕ್ಕ ದಿನ ಮೈಯಲ್ಲಿ ಕಸುವಿರಲಿಲ್ಲ. ಮೊದಲು ನಡುವಿನ ಪುಟಗಳು ಜಾರಿದವು. ಆಮೇಲೆ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ನೋಡಲೂ ಅವಳಿಗೆ ಭಯವಾಗತೊಡಗಿತು. ಕಲಿತು ಮರೆಯುವುದು ಸಣ್ಣ ಪಾಪವಲ್ಲ ಎಂದು ಚಿಕ್ಕಂದಿನಲ್ಲಿ ಕಲಿಸಿದ ಟೀಚರಮ್ಮ ಹೆದರಿಸಿದ್ದರು.

ಪುಸ್ತಕ ತೆಗೆದು ನೋಡಿ ಓದಬಹುದಿತ್ತು. ಆದರೆ ಪುಟ ಮಗುಚಿದರೆ ಅತ್ತೆಯ ಕಿವಿಗೆ ಬೀಳುತ್ತಿತ್ತು. ಕಣ್ಣು ಹೋದ ಮೇಲೆ ಆ ಕಿವಿಗಳು ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಇದು ಯಾವ ಚಮಚ ಎಂದು ಹೇಳುವಷ್ಟು ಚುರುಕಾಗಿದ್ದವು.

ಅಂಗಶುದ್ಧಿ ಮಾಡಿಕೊಂಡು ಬಂದು ಅತ್ತೆಯ ಮಂಚದ ಪಕ್ಕ ಕೂತು ಶುರು ಮಾಡಿದಳು. ಈಜಿಪ್ಟಿನ ದೊರೆ ಫಿರೌನನ ಆಸ್ಥಾನ, ಮಾಂತ್ರಿಕರು, ಅವರ ಹಗ್ಗಗಳು. ಪ್ರವಾದಿ ಮೂಸಾ ತಮ್ಮ ಕೋಲು ಎಸೆದದ್ದು. ಮಾಂತ್ರಿಕರು ಸಾಷ್ಟಾಂಗ ಬಿದ್ದು ನಂಬಿದೆವು ಎಂದದ್ದು. ಅಲ್ಲಿಗೆ ಬರುತ್ತಲೇ ಅವಳ ನಾಲಿಗೆ ತನ್ನಷ್ಟಕ್ಕೆ ಓಡಿತು. ಸಲೀಸಾಗಿ ಬರುತ್ತಿದೆಯಲ್ಲ ಎಂದು ಒಳಗೊಳಗೇ ಹಗುರಾದಳು.

"ಸಾಕು," ಎಂದರು ಅತ್ತೆ. "ಮೂರು ದಿನ ಆಯ್ತು. ಸಮುದ್ರ ಬರೋ ಹೊತ್ತಿಗೆ ಸರಿಯಾಗಿ ಮಿಡತೆ, ಕಪ್ಪೆ ಬರ್ತಾ ಇವೆ."

ಮಾಂತ್ರಿಕರು ಆಡುವ ಆ ಮಾತು ಏಳನೆಯ ಅಧ್ಯಾಯದಲ್ಲೂ ಅಕ್ಷರಶಃ ಹಾಗೇ ಇದೆ; ಅಲ್ಲಿ ಮುಂದೆ ಬರುವುದು ಮಿಡತೆ, ಕಪ್ಪೆ, ಇಲ್ಲಿ ಸಮುದ್ರ. ಬಾಯಿಪಾಠದವರು ಎಡವುವುದೇ ಇಂಥ ಕೂಡುರಸ್ತೆಯಲ್ಲಿ. ಹತ್ತೊಂಬತ್ತು ಅಧ್ಯಾಯ ಹಿಂದಕ್ಕೆ ಹೋದದ್ದು ಅವಳಿಗೆ ತಿಳಿದೇ ಇರಲಿಲ್ಲ. ಅವಳದು ಬರೀ ಅರಬ್ಬಿ ಶಬ್ದದ ಬಾಯಿಪಾಠ; ಅರ್ಥ ಹಿಡಿದು ಓದಿದ ಅತ್ತೆಗೆ ತಿಳಿದಿತ್ತು.

"ಮರೆತಿದೀನಿ ಅತ್ತೆ," ಎಂದಳು. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು, ಹೊರಬಿದ್ದಾಗ ಅಷ್ಟೇನೂ ದೊಡ್ಡದಿರಲಿಲ್ಲ. "ಅರ್ಧಕ್ಕಿಂತ ಹೆಚ್ಚು ಹೋಗಿದೆ."

"ಗೊತ್ತು."

"ಯಾವಾಗಿಂದ?"

"ಎರಡನೇ ಮಗು ಹುಟ್ಟಿದಾಗಿಂದ. ನೀನು ತೊಟ್ಟಿಲು ತೂಗ್ತಾ ಓದ್ತಿದ್ದೆ, ನಾನು ಆ ಕಡೆ ಕೂತು ಪುಸ್ತಕದಲ್ಲಿ ಬೆರಳಿಟ್ಟು ನೋಡ್ತಿದ್ದೆ. ನೀನು ಎರಡು ಪುಟ ಹಾರಿದ್ರೆ ನಾನೂ ಹಾರ್ತಿದ್ದೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನನ್ನ ಜಂಬ ಎಲ್ಲಿಡೋದು? ನನ್ನ ಸೊಸೆ ಹಾಫಿಜಾ ಅಂತ ಬೀದಿಗೆಲ್ಲ ಸಾರಿದ್ದು ನೀನಾ, ನಾನಾ?"

ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗೋಡೆಗೆ ಒರಗಿದಳು. ಇಬ್ಬರೂ ಸೇರಿ ಒಂದು ಖಾಲಿ ಪೆಟ್ಟಿಗೆಗೆ ಇಷ್ಟು ವರ್ಷ ಕಾವಲು ಕೂತಿದ್ದರು.

"ಕೇಳು," ಎಂದರು ಅತ್ತೆ. "ಪ್ರವಾದಿಗಳು ಹೋದ ಮೇಲೆ ಒಂದು ಯುದ್ಧ ಆಯ್ತು. ಬಾಯಿಪಾಠ ಇದ್ದವರು ತುಂಬಾ ಜನ ಸತ್ತರು. ಎದೆಯಲ್ಲಿದ್ದದ್ದು ಎದೆ ಜೊತೆ ಮಣ್ಣಾಗುತ್ತೆ ಅಂತ ಹೆದರಿದರು. ಖರ್ಜೂರದ ಗರಿ ದಿಂಡು, ತೆಳ್ಳನೆ ಕಲ್ಲು, ತೊಗಲು, ಎಲ್ಲೆಲ್ಲಿ ಬರೆದಿತ್ತೋ ಅದನ್ನೆಲ್ಲ ಹುಡುಕಿ, ನೆನಪಿದ್ದವರ ಬಾಯಲ್ಲೂ ಕೇಳಿ ಒಂದು ಕಡೆ ಬರೆಸಿದರು. ಕೊನೆಗೆ ಆ ಹಾಳೆಗಳು ಯಾರ ಮನೇಲಿದ್ವು?"

"ಹಫ್ಸಾ ಅವರ ಮನೇಲಿ. ಪ್ರವಾದಿಗಳ ಪತ್ನಿ."

"ಆಕೆಗೂ ಬಾಯಿಪಾಠ ಇತ್ತು ಅಂತಾರೆ. ಆದ್ರೂ ಹಾಳೆ ಇಟ್ಕೊಂಡಿದ್ರು. ಮುಂದೆ ಎಲ್ಲ ಕಡೆಗೂ ಪ್ರತಿ ಮಾಡಿ ಕಳಿಸೋಕೆ ಅದೇ ಹಾಳೆ ಬೇಕಾಯ್ತು. ನೀನೇನು ಆಕೆಗಿಂತ ದೊಡ್ಡವಳಾ? ಎದ್ದು ಪುಸ್ತಕ ತಗೋ."

ಏಳಲು ಮಂಡಿ ಒಪ್ಪಲಿಲ್ಲ. ಗೋಡೆ ಹಿಡಿದು ಎದ್ದು, ಬೀರುವಿನಿಂದ ಅತ್ತೆಯ ಪ್ರತಿಯನ್ನು ತಂದು ಓದುವ ಮರದ ಪೀಠದ ಮೇಲಿಟ್ಟಳು. ನಲವತ್ತು ವರ್ಷ ಬೆರಳು ಹಾದು ಪುಟಗಳ ಅಂಚು ಬಟ್ಟೆಯಂತೆ ಮೆತ್ತಗಾಗಿತ್ತು. ಮಾಂತ್ರಿಕರು ನಂಬಿದೆವು ಎನ್ನುವ ಸಾಲು ಸಿಕ್ಕಿತು. ಅದರ ಮುಂದಿನದನ್ನು ಒಂದನೇ ತರಗತಿಯವಳಂತೆ ಬೆರಳಿಟ್ಟು, ನಿಧಾನವಾಗಿ, ಗಟ್ಟಿಯಾಗಿ ಓದತೊಡಗಿದಳು. ಎಷ್ಟೋ ಪದಗಳು ಗುರುತಿನವು, ಆದರೆ ಮುಖ ಕಂಡ ಮೇಲಷ್ಟೇ ನೆನಪಾಗುವ ಬಂಧುಗಳ ಹಾಗೆ.

ತೆರೆದಿದ್ದ ಬಾಗಿಲಲ್ಲಿ ನೆರಳಾಡಿತು. ಎದುರುಮನೆಯ ಟೈಲರಮ್ಮ, ಕೊರಳಲ್ಲಿ ಅಳತೆ ಟೇಪು.

"ಹಾಫಿಜಾ ಅಕ್ಕ, ನನ್ನ ಮಗಳು ಅರ್ಧ ಬಾಯಿಪಾಠ ಮಾಡಿದಾಳೆ, ದಿನಾ ಒಂಚೂರು ಕೇಳ್ತೀರಾ ಅಂತ..." ಅವಳ ಕಣ್ಣು ಪೀಠದ ಮೇಲೆ ನಿಂತಿತು. "ನೀವೂ ನೋಡ್ಕೊಂಡೇ ಓದ್ತೀರಾ?"

ಪುಸ್ತಕ ಮುಚ್ಚಿ, ಅತ್ತೆ ಹೇಳಿದ್ದಕ್ಕೆ ನೋಡಿ ಓದಿದೆ ಅಷ್ಟೇ ಎಂದುಬಿಡಬಹುದಿತ್ತು. ಮಂಚದ ಮೇಲೆ ಅತ್ತೆ ಉಸಿರು ಹಿಡಿದಿದ್ದರು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅವಳಲ್ಲಿ ಅದಿರಲಿಲ್ಲ.

"ಮರೆತುಹೋಗಿದೆ ಕಣಮ್ಮ. ಮತ್ತೆ ಕಲೀತಾ ಇದೀನಿ. ಮಗಳನ್ನ ಕಳಿಸು, ಕೇಳ್ತೀನಿ, ಆದ್ರೆ ಪುಸ್ತಕ ಮುಂದಿಟ್ಕೊಂಡೇ."

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಆಯ್ತು, ಅವಳನ್ನ ಕೇಳಿ ಹೇಳ್ತೀನಿ," ಎಂದು ಹೋದಳು. ಮಗಳು ಬರುತ್ತಾಳೋ ಇಲ್ಲವೋ ಆ ದನಿಯಲ್ಲಿ ತಿಳಿಯಲಿಲ್ಲ. ಸುದ್ದಿ ಮಾತ್ರ ಕತ್ತಲಾಗುವುದರೊಳಗೆ ಬೀದಿಯ ಕೊನೆ ಮುಟ್ಟುತ್ತದೆ.

ಅತ್ತೆ ಮಂಚದ ತುದಿಗೆ ಸರಿದು, ತಡಕಾಡಿ, ದಿಂಬೊಂದನ್ನು ಅವಳ ಬೆನ್ನಿನ ಕಡೆ ದೂಡಿದರು.

"ಒರಗಿಕೊಂಡು ಓದು. ಎಷ್ಟಾಗುತ್ತೋ ಅಷ್ಟು."