ಭಾವನ ಸ್ಟೀಲಿನ ಖೋಕಾ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ ರೇವಣಸಿದ್ಧರನ್ನು ನಮ್ಮ ಊರಲ್ಲಿ ಯಾರೂ ಜಿಪುಣ ಅನ್ನುವುದಿಲ್ಲ, ಜಾಣ ಅನ್ನುತ್ತಾರೆ. ಮುರುಮ ಪಟ್ಟಣದ ಹತ್ತಿರದ ಈ ಊರಲ್ಲಿ ಲೈಸೆನ್ಸಿನ ಬಂದೂಕು ಇರುವುದು ಅವರೊಬ್ಬರ ಬಳಿ. ಕಬ್ಬಿಗೆ ಹಂದಿ ನುಗ್ಗುತ್ತವೆ, ಕುರಿಗೆ ತೋಳ ಬೀಳುತ್ತದೆ, ಅದಕ್ಕೆಂದು ಮಾವನ ಕಾಲದಲ್ಲೇ ಸಿಕ್ಕಿದ್ದು. ಬಂದೂಕು ಭಾವನದು, ನಿದ್ದೆಗೆಟ್ಟು ಕಾಯುವ ಕೆಲಸ ಮಾತ್ರ ನನ್ನ ಗಂಡನದು. ಮದುವೆಯಾಗಿ ಬಂದಾಗಿನಿಂದ ಈ ಹಂಚಿಕೆ ನೋಡಿ ನನ್ನ ಹೊಟ್ಟೆ ಉರಿಯುತ್ತಿದೆ.

ಹೊಸ ತೋಟಾ ಕೊಳ್ಳುವುದು ದಂಡ ಎಂದು ಭಾವ ಹಾರಿಸಿದ ತೋಟಾದ ಖಾಲಿ ಚಿಪ್ಪುಗಳಿಗೇ, ಖೋಕಾಗಳಿಗೇ, ಮತ್ತೆ ಮದ್ದು ತುಂಬುತ್ತಿದ್ದರು. ಕಾನೂನು ಒಪ್ಪದ ಕೆಲಸ, ಹಿತ್ತಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ಹಿತ್ತಾಳೆಯ ಖೋಕಾ ಸಿಗುವುದು ಕಡಿಮೆಯಾದಾಗ ಉದಗೀರದ ಹಳೆ ಕಬ್ಬಿಣದ ವ್ಯಾಪಾರಿ ಅಮೋಘಸಿದ್ಧ ಒಂದು ಚೀಲ ಸ್ಟೀಲಿನವು ತಂದುಕೊಟ್ಟ. ನಾನು ಚಹಾ ಒಯ್ದಾಗ ಇಬ್ಬರೂ ಅದನ್ನೇ ಮಾತಾಡುತ್ತಿದ್ದರು.

"ಸ್ಟೀಲಿಂದು ಮತ್ತ ತುಂಬಿದ್ರ ಏನರ ಉಪಯೋಗ ಅದ ಏನು?" ಅಮೋಘಸಿದ್ಧ ಕೇಳಿದ.

"ಖರೇ ಕೇಳಿದ್ರ ಇಲ್ಲ," ಎಂದರು ಭಾವ. "ಹಿತ್ತಾಳಿ ಮೆತ್ತಗಿರ್ತದ, ಎಷ್ಟೋ ಸಲ ತಾಳ್ತದ. ಇದು ಬಿರುಸು. ಒಮ್ಮೆ ಹೊಡದ್ರ ಎಲ್ಲೋ ಸಣ್ಣಗ ಸೀಳಿರ್ತದ, ಕಣ್ಣಿಗಿ ಕಾಣಂಗಿಲ್ಲ. ಮತ್ತ ಹೊಡದಾಗ ಒಡೀತು ಅಂದ್ರ ಬೆಂಕಿ ಹಿಂದಕ್ಕ ಬಂದು ಮಾರಿಗೇ ಬಡೀತದ."

"ಮತ್ತ ಯಾಕ ತುಂಬ್ತಿ?"

"ಕಾವಲಿಗಿ ಧನ್ಯಾ ಹೋಗ್ತಾನಲ್ಲ, ಅಂವಗ ಇವು ಸಾಕು. ಹಿತ್ತಾಳಿದು ನನಗಿರ್ಲಿ."

ಇಬ್ಬರೂ ನಕ್ಕರು. ಧನ್ಯಾ ಎಂದರೆ ನನ್ನ ಗಂಡ ಧನರಾಜ; ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಾಳೆ ಎಂದು ನೋಡಿಯೂ ನಕ್ಕರು. ನನ್ನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗಂಡ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. "ಅಣ್ಣ ಚ್ಯಾಷ್ಟಿ ಮಾಡ್ಯಾನ, ನಿನಗ ತಿಳಿಯಂಗಿಲ್ಲ," ಎಂದ. ಆಗಲೇ ಅಂಥವು ಕೆಲವು ಹಾರಿಸಿದ್ದನಂತೆ. ಒಂದೆರಡು ನಳಿಕೆಯಲ್ಲೇ ಸಿಕ್ಕಿಕೊಂಡಿದ್ದವು, ಕಡ್ಡಿ ಹಾಕಿ ನೂಕಿ ತೆಗೆದಿದ್ದ, ಅಷ್ಟೇ. ಅಣ್ಣನನ್ನು ದೇವರೆಂದು ನಂಬಿದವನ ಕಿವಿಗೆ ಹೆಂಡತಿಯ ಮಾತು ಇಳಿಯುವುದಿಲ್ಲ. ನನಗೆ ಮಾತ್ರ ಅವನು ಕಾವಲಿಗೆ ಹೋದಾಗಲೆಲ್ಲ ಜೀವ ಕೈಯಲ್ಲಿ ಹಿಡಿದಂತಾಗುತ್ತಿತ್ತು.

ದಸರೆಯ ಆಯುಧ ಪೂಜೆ, ನಮ್ಮ ಕಡೆಯ ಖಂಡೇ ಪೂಜೆ ಬಂತು. ಆ ದಿನ ನಮ್ಮ ಮನೆಯಲ್ಲಿ ಕೊಡಲಿ, ಕುಡುಗೋಲು, ಉಣ್ಣೆ ಕತ್ತರಿಸುವ ಕತ್ತರಿ, ಬಂದೂಕು, ತೋಟಾ ಎಲ್ಲವನ್ನೂ ಕಂಬಳಿಯ ಮೇಲಿಟ್ಟು ಎಣ್ಣೆ ಹಚ್ಚಿ, ಮೇಲೆ ಮನೆದೇವರು ಬೀರಪ್ಪನ ಭಂಡಾರ ತಿಕ್ಕುತ್ತಾರೆ. ಬನ್ನಿ ಮುಡಿದು ಬರುವವರೆಗೆ ಆ ಅರಿಶಿನ ಒರೆಸುವಂತಿಲ್ಲ. ನನ್ನ ಅತ್ತೆ ಮಲಕಮ್ಮ ಡಬ್ಬಿಯಲ್ಲಿದ್ದ ಹಿತ್ತಾಳೆಯವನ್ನೂ ಚೀಲದಲ್ಲಿದ್ದ ಸ್ಟೀಲಿನವನ್ನೂ ಒಂದೇ ಮೊರದಲ್ಲಿ ಸುರಿದುಕೊಂಡು, ಭಕ್ತಿಯಿಂದ ಒಂದೊಂದನ್ನೇ ತಿಕ್ಕಿ ಎಲ್ಲವನ್ನೂ ಹಳದಿ ಮಾಡಿಟ್ಟರು.

ಬನ್ನಿಗೆ ಹೊರಡುವ ಮುಂಚೆ ಬೀರಪ್ಪನ ಗುಡಿ ಮುಂದೆ ಒಂದು ಗುಂಡು ಹಾರಬೇಕು. ಅದು ನಮ್ಮ ಮನೆತನದ ಮಾನ, ಹಾರಿಸುವುದು ಹಿರಿಯ ಮಗ. ಊರೆಲ್ಲ ನೆರೆದಿತ್ತು. ಭಾವ ಗುಡಿಗೆ ತಂದಿದ್ದ ಮೊರಕ್ಕೆ ಕೈ ಹಾಕಿ ಒಂದು ತೋಟಾ ಎತ್ತಿದರು, ಕಣ್ಣಿನ ಹತ್ತಿರ ಹಿಡಿದರು, ಇಟ್ಟು ಇನ್ನೊಂದು ಎತ್ತಿದರು. ಅವರ ಮುಖ ಕಪ್ಪಿಟ್ಟಿತು. ಯಾವುದು ಯಾವುದೆಂದು ಅವರಿಗೆ ಗೊತ್ತಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಟವೆಲಿನಿಂದ ಒಮ್ಮೆ ಒರೆಸಿದ್ದರೆ ಸಾಕಿತ್ತು. ಊರಿನೆದುರು ಭಂಡಾರ ಒರೆಸುವ ಧೈರ್ಯ ಅವರಿಗಿರಲಿಲ್ಲ.

"ಧನ್ಯಾ, ಈ ವರ್ಷ ನೀ ಹಾರ್ಸು," ಎಂದರು. "ಎಷ್ಟು ವರ್ಷ ಅಂತ ನಾನೇ ಹಾರಸ್ಲಿ?"

"ದೊಡ್ಡ ಮನಸ್ಸು," ಎಂದ ಪೂಜಾರಿ. ಊರೆಲ್ಲ ಹೌದೆಂದಿತು. ನನ್ನ ಗಂಡನ ಕಣ್ಣಲ್ಲಿ ನೀರು ಬಂತು.

ನಾನು ಹೆಂಗಸರ ಸಾಲು ಬಿಟ್ಟು ಮುಂದೆ ಬಂದೆ. "ಭಾವ, ಒಂದೀಟು ಒರಸಿ ನೋಡ್ರಿ. ಸ್ಟೀಲಿಂದು ಇದ್ದೀತು."

"ಬೀರಪ್ಪನ ಭಂಡಾರ ಒರಸಂತಿ ಏನು?" ಅತ್ತೆ ನನ್ನ ರಟ್ಟೆ ಹಿಡಿದು ಎಳೆದರು. "ನಾಲಿಗಿ ಸೇದಿ ಹೋಗ್ಲಿ ನಿಂದು."

ಭಾವ ನನ್ನ ಕಡೆ ನೋಡಲಿಲ್ಲ. ನೋಡಿದವನು ನನ್ನ ಗಂಡ. "ಮನಿಷಾ, ಸುಮ್ಮ ನಿಂದ್ರು. ನಾಕು ಮಂದ್ಯಾಗ ನನ್ನ ಮಾನ ಕಳೀಬ್ಯಾಡ," ಎಂದ. ಅಷ್ಟರಲ್ಲಿ ಭಾವ ಮೆಲ್ಲಗೆ ಪೂಜಾರಿಯ ಬೆನ್ನ ಹಿಂದೆ ಸರಿದಿದ್ದರು.

ಗುಂಡು ಹಾರಿತು. ಬೆಂಕಿ ಮುಂದಕ್ಕೂ ಹೋಯಿತು, ಹಿಂದಕ್ಕೂ ಬಂತು. ನನ್ನ ಗಂಡ ಬಂದೂಕು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ. ಬೆರಳ ಸಂದಿಯಿಂದ ಹರಿದದ್ದು ಭಂಡಾರದಲ್ಲಿ ಕಲೆಸಿ ಅಂಗಿಯ ಮೇಲೆ ಇಳಿಯಿತು.

ಉಮರ್ಗಾದ ಆಸ್ಪತ್ರೆಯಲ್ಲಿ ಪಟಾಕಿ ಸಿಡಿಯಿತೆಂದು ನನ್ನ ಬಾಯಿಂದಲೇ ಹೇಳಿಸಿದರು. ಬಲಗಣ್ಣು ಹೋಯಿತು. ನಮ್ಮ ಜೀಪು ಊರು ದಾಟುತ್ತಿದ್ದಂತೆ ಭಾವ ಉಳಿದ ತೋಟಾಗಳನ್ನೆಲ್ಲ ಧೋತರದ ಸೆರಗಿನಲ್ಲಿ ಒರೆಸಿ, ಹಿತ್ತಾಳೆಯವನ್ನು ಬೇರೆ ಮಾಡಿ ಡಬ್ಬಿಗೆ ಹಾಕಿಕೊಂಡರಂತೆ. ಅವರು ಒರೆಸಿದ್ದಕ್ಕೆ ಯಾವ ದೇವರೂ ಸಿಟ್ಟಾಗಲಿಲ್ಲ. ದೇವರು ಸಿಟ್ಟಾದದ್ದು ನನ್ನ ಮಾತಿಗೆ ಎಂದು ಊರು ತೀರ್ಮಾನಿಸಿತು.

ಎರಡು ದಿನ ಬಿಟ್ಟು ಭಾವ ಬಾಳೆಹಣ್ಣು ಹಿಡಿದುಕೊಂಡು ಬಂದು ಮಂಚದ ಪಕ್ಕ ನಿಂತರು.

"ಆಗಿದ್ದು ಆಗಿ ಹೋತು, ಧನ್ಯಾ. ಬರೂ ವರ್ಷನೂ ನೀನೇ ಹಾರ್ಸು. ಆಗ ಹಿತ್ತಾಳಿದೇ ಆರಿಸಿ ಕೊಡ್ತೀನಿ."

ಅವರ ಬಾಯಿಂದಲೇ ಬಂತು. ಇನ್ನಾದರೂ ನನ್ನ ಗಂಡನಿಗೆ ತಿಳಿದೀತೆಂದು ಅವನ ತುಟಿ ನೋಡುತ್ತ ಕೂತೆ.

"ನೀ ಇಷ್ಟು ಅಂದಿ, ಸಾಕು ಅಣ್ಣಾ," ಎಂದ. "ನಿಂದೇನು ತಪ್ಪಿಲ್ಲ. ಈಕಿ ಭಂಡಾರ ಒರಸ್ರಿ ಅಂದಳು, ಅದಕ್ಕೇ ಹೀಂಗಾತು."

ಭಾವ ನಿಂತದ್ದು ಕಣ್ಣು ಹೋದ ಕಡೆ. ನನ್ನ ಗಂಡ ಮಂಚದಿಂದ ಕೈ ಇಳಿಬಿಟ್ಟು, ಗಾಳಿಯಲ್ಲಿ ತಡಕಾಡಿ, ಅವರ ಕಾಲು ಹುಡುಕಿ ಮುಟ್ಟಿದ.